ಪಿಜಿಗಳ ಛಲ, ಸ್ವಭಾವ ಅಳೆಯೋಕೆ ಹೊರಟಿದ್ದೀರಾ? ಫಾರಂ ಹಂಚುವ ಮುಂಚೆ ಇಷ್ಟು ಮಾಡಿ

ಹಿಂದೆ ನಾನಿದ್ದ ಮೆಡಿಕಲ್ ಕಾಲೇಜಿನ ವಿಭಾಗದಲ್ಲಿ ಒಂದು ಸೋಮವಾರ ಬೆಳಗ್ಗೆ, ರೌಂಡ್ಸ್ ಮುಗಿದ ಮೇಲೆ, ಹದಿನಾಲ್ಕು ಜನ ಪಿಜಿಗಳನ್ನು (ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ತರಬೇತಿಯಲ್ಲಿರುವ ವೈದ್ಯರನ್ನು) ಸೆಮಿನಾರ್ ಹಾಲ್‌ನಲ್ಲಿ ಕೂರಿಸಿ ಒಂದೊಂದು ಹಾಳೆ ಕೊಟ್ಟೆವು. ಛಲ ಅಳೆಯುವ ಎಂಟು ಪ್ರಶ್ನೆ. ಮೇಲೆ ಹೆಸರು ಬರೆಯಲು ಜಾಗ. ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಹತ್ತು ನಿಮಿಷಕ್ಕೆ ಎಲ್ಲ ಹಾಳೆ ವಾಪಸ್ ಬಂತು. ಲೆಕ್ಕ ಹಾಕಿದರೆ ಹದಿಮೂರು ಜನಕ್ಕೆ ಐದಕ್ಕೆ ನಾಲ್ಕರ ಮೇಲೆ. ಒಬ್ಬಳಿಗೆ ಮಾತ್ರ 2.6. ಅವಳನ್ನು ಚೇಂಬರಿಗೆ ಕರೆಸಿ "ಏನಮ್ಮಾ, ಬಿಟ್ಟು ಹೋಗೋ ಯೋಚನೆ ಏನಾದ್ರೂ ಇದೆಯಾ?" ಅಂತ ಕೇಳಿದೆವು. ಅವಳು ಹಿಂದಿನ ರಾತ್ರಿ ಪೂರ್ತಿ ಕ್ಯಾಷುಯಲ್ಟಿ ನೋಡಿ, ಮುಖ ತೊಳೆದು, ನೇರ ರೌಂಡ್ಸ್‌ಗೆ ಬಂದಿದ್ದಳು. ಸುಳ್ಳು ಬರೆಯಬೇಕು ಅಂತ ಅವಳಿಗೆ ತೋಚಲಿಲ್ಲ, ಅಷ್ಟೇ.

ಆ ಹಾಳೆಗಳಿಂದ ನಮಗೆ ಏನೂ ತಿಳಿಯಲಿಲ್ಲ. ಅವಳಿಗೆ ಮಾತ್ರ ಒಂದು ವಿಷಯ ತಿಳಿಯಿತು: ಇನ್ನು ಮುಂದೆ ಯಾವ ಫಾರಂ ಬಂದರೂ ನಾಲ್ಕು, ಐದು ಟಿಕ್ ಮಾಡಬೇಕು.

ಈಗ ಛಲ, ವ್ಯಕ್ತಿತ್ವ, ಬರ್ನ್‌ಔಟ್ (ಕೆಲಸದ ಒತ್ತಡದಲ್ಲಿ ಬಸವಳಿದು ಹೋಗುವುದು) ಇವುಗಳ ಮೇಲೆ ಥೀಸಿಸ್ ಮಾಡುವ ಪಿಜಿಗಳು ಜಾಸ್ತಿ ಕಾಣುತ್ತಿದ್ದಾರೆ. ಮೆಂಟರ್‌ಶಿಪ್ ಹೆಸರಿನಲ್ಲಿ ವಿಭಾಗಗಳೂ ಇಂಥ ಫಾರಂ ಹಂಚುತ್ತಿವೆ. ಮಾಡಬೇಡಿ ಅಂತ ಹೇಳುತ್ತಿಲ್ಲ. ನಾವು ಎಡವಿದ ಜಾಗದಲ್ಲಿ ನೀವೂ ಎಡವಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಯಾಕೆ ಅಳೆಯುತ್ತೀರಿ ಅಂತ ಒಂದೇ ಸಾಲಿನಲ್ಲಿ ಬರೆಯಿರಿ

ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು. ಥೀಸಿಸ್ ಅಥವಾ ಪೇಪರ್‌ಗಾಗಿ. ಕಷ್ಟದಲ್ಲಿರುವ ಪಿಜಿಗೆ ಬೇಗ ಕೈ ಕೊಡುವುದಕ್ಕಾಗಿ. ಇಲ್ಲವೇ ಯಾರನ್ನು ತೆಗೆದುಕೊಳ್ಳಬೇಕು, ಯಾರಿಗೆ ಒಳ್ಳೆಯ ಪೋಸ್ಟಿಂಗ್ ಕೊಡಬೇಕು ಅಂತ ತೀರ್ಮಾನ ಮಾಡುವುದಕ್ಕಾಗಿ.

ಮೂರನೆಯದಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ಛಲ ಅಳೆಯುವ 'ಗ್ರಿಟ್ ಸ್ಕೇಲ್' ಅನ್ನುವ ಫಾರಂ ಮಾಡಿದ ಮನಶ್ಶಾಸ್ತ್ರಜ್ಞೆ ಏಂಜೆಲಾ ಡಕ್‌ವರ್ತ್ ಅವರೇ 2015ರಲ್ಲಿ ಡೇವಿಡ್ ಯೇಗರ್ ಜೊತೆ ಬರೆದ ಲೇಖನದಲ್ಲಿ, ಇಂಥ ಫಾರಂಗಳನ್ನು ಜನರ ಬಗ್ಗೆ ದೊಡ್ಡ ತೀರ್ಮಾನ ತೆಗೆದುಕೊಳ್ಳಲು ಬಳಸಬೇಡಿ ಅಂತ ಎಚ್ಚರಿಸಿದ್ದಾರೆ. ಕಾರಣ ಸರಳ. 'ನಾನು ಕಷ್ಟಪಟ್ಟು ದುಡಿಯುವವನು' ಅನ್ನುವ ಸಾಲಿಗೆ ಯಾವ ಉತ್ತರ ಕೊಟ್ಟರೆ ಸೀಟ್ ಸಿಗುತ್ತದೆ ಅಂತ ಯಾರಿಗೆ ತಾನೇ ಗೊತ್ತಾಗುವುದಿಲ್ಲ?

ಮೊದಲ ಎರಡು ಉದ್ದೇಶಗಳನ್ನೂ ಬೆರೆಸಬೇಡಿ. ಥೀಸಿಸ್‌ಗೆ ಅಂತ ಹೇಳಿ ತೆಗೆದುಕೊಂಡ ಹಾಳೆಯನ್ನು ಆಮೇಲೆ ಮೆಂಟರ್ ಫೈಲಿಗೆ ಸೇರಿಸುವುದು ಮೋಸ.

ಛಲ ಅಂದರೆ ಇಲ್ಲಿ ಏನು?

ಡಕ್‌ವರ್ತ್ ಮತ್ತು ಜೊತೆಗಾರರು 2007ರಲ್ಲಿ ಗ್ರಿಟ್ ಅನ್ನುವ ಮಾತನ್ನು ಮುಂದಿಟ್ಟರು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೆ ಸೇರಿದ ಹುಡುಗರಲ್ಲಿ ಮೊದಲ ಬೇಸಿಗೆಯ ಕಠಿಣ ತರಬೇತಿ ತಡೆದುಕೊಂಡು ಉಳಿಯುವವರು ಯಾರು, ಸ್ಪೆಲಿಂಗ್ ಸ್ಪರ್ಧೆಯಲ್ಲಿ ಮುಂದೆ ಹೋಗುವ ಮಕ್ಕಳು ಯಾರು ಅಂತ ನೋಡಿದ್ದರು. ಆಗಿನ ಸ್ಕೇಲ್‌ನಲ್ಲಿ 12 ಪ್ರಶ್ನೆ ಇದ್ದವು. 2009ರಲ್ಲಿ ಪ್ಯಾಟ್ರಿಕ್ ಕ್ವಿನ್ ಜೊತೆ ಸೇರಿ ಅದನ್ನು 8ಕ್ಕೆ ಇಳಿಸಿದರು. ನಮ್ಮ ಪಿಜಿಗಳು ತುಂಬುವುದು ಹೆಚ್ಚಾಗಿ ಈ ಎಂಟನ್ನೇ.

ಇದರಲ್ಲಿ ಎರಡು ಭಾಗ ಇದೆ. ಒಂದು, ಕಷ್ಟ ಬಂದರೂ ಕೆಲಸ ಬಿಡದಿರುವುದು. ಇನ್ನೊಂದು, ವರ್ಷಗಟ್ಟಲೆ ಒಂದೇ ಆಸಕ್ತಿಗೆ ಅಂಟಿಕೊಂಡಿರುವುದು. ಈ ಎರಡನೆಯದು ನಮ್ಮಲ್ಲಿಗೆ ಬಂದಾಗ ಸ್ವಲ್ಪ ತಲೆನೋವು. ನಮ್ಮ ಹುಡುಗರು ಬ್ರಾಂಚ್ ಆರಿಸಿಕೊಳ್ಳುವುದು ಎಷ್ಟರ ಮಟ್ಟಿಗೆ? ನೀಟ್ ಪಿಜಿ ರ‍್ಯಾಂಕ್ ಅವರನ್ನು ಆರಿಸುತ್ತದೆ. ರೇಡಿಯಾಲಜಿ ಬೇಕು ಅಂತ ಎರಡು ಸಲ ಪರೀಕ್ಷೆ ಬರೆದು, ಕೊನೆಗೆ ಸಿಕ್ಕಿದ್ದು ಬೇರೇನೋ, ಮನೆಯಲ್ಲಿ ಅಪ್ಪ "ಸೇರ್ಕೋ, ಇನ್ನೊಂದು ವರ್ಷ ಡ್ರಾಪ್ ಬೇಡ" ಅಂದಿದ್ದಕ್ಕೆ ಸೇರಿದ ಹುಡುಗ 'ನನ್ನ ಆಸಕ್ತಿ ಬದಲಾಗುತ್ತಿರುತ್ತದೆ' ಅನ್ನುವ ಸಾಲಿಗೆ ಹೌದು ಅಂದರೆ ಅದು ಛಲದ ಕೊರತೆಯಾ? ಎರಡು ಸಲ ಪರೀಕ್ಷೆ ಬರೆದಿದ್ದೇ ಛಲ ಅಲ್ವಾ?

ಇನ್ನೊಂದು ಗಂಟು ಇದೆ. ಅಮೆರಿಕದಲ್ಲಿ ಸರ್ಜರಿ ರೆಸಿಡೆಂಟ್‌ಗಳ (ಅಂದರೆ ಅಲ್ಲಿನ ಪಿಜಿಗಳ) ಮೇಲೆ ನಡೆದ ಅಧ್ಯಯನಗಳು ಗ್ರಿಟ್ ಕಡಿಮೆ ಇರುವವರು ತರಬೇತಿ ಬಿಟ್ಟು ಹೋಗುತ್ತಾರಾ ಅಂತ ನೋಡಿವೆ. ಅದನ್ನು ಹಾಗೇ ಇಲ್ಲಿಗೆ ತಂದು 'ಡ್ರಾಪ್‌ಔಟ್' ಲೆಕ್ಕ ಹಾಕಿದರೆ ನಡೆಯುವುದಿಲ್ಲ. ಇಲ್ಲಿ ಸೀಟ್ ಬಿಟ್ಟರೆ ದಂಡ ಇದೆ, ಬಾಂಡ್ ಇದೆ, ಕಟ್ಟಿದ ಫೀಸ್ ಹೋಗುತ್ತದೆ, ಬ್ಯಾಂಕ್ ಸಾಲ ಇರುತ್ತದೆ. ಮೂರು ವರ್ಷ ಉಳಿದವರೆಲ್ಲ ಛಲದಿಂದಲೇ ಉಳಿದರು ಅನ್ನುವ ಹಾಗಿಲ್ಲ. ಹಾಗಾಗಿ ಫಲಿತಾಂಶ ಅಂತ ಬೇರೆ ಏನಾದರೂ ಹಿಡಿಯಿರಿ: ಥೀಸಿಸ್ ಸಮಯಕ್ಕೆ ಸರಿಯಾಗಿ ಆಯಿತಾ, ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್ ಹೇಗಿದೆ, ಬರ್ನ್‌ಔಟ್ ಎಷ್ಟಿದೆ, ರಜೆ ಮೇಲೆ ರಜೆ ಬೀಳುತ್ತಿದೆಯಾ.

ವ್ಯಕ್ತಿತ್ವಕ್ಕೆ ಐದು ಗುಣ ಸಾಕು

ಸಂಶೋಧನೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬಿಗ್ ಫೈವ್. ನಮ್ಮ ಮಾತಿನಲ್ಲಿ ಹೇಳುವುದಾದರೆ: ಹೊಸದಕ್ಕೆ ಮನಸ್ಸು ತೆರೆದಿರುವುದು, ಅಚ್ಚುಕಟ್ಟು ಮತ್ತು ಜವಾಬ್ದಾರಿ, ನಾಲ್ಕು ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವ ಮೃದು ಸ್ವಭಾವ, ಬೇಗ ಕಳವಳಗೊಳ್ಳುವುದು. ಇವು ಇದೆ, ಇಲ್ಲ ಅನ್ನುವ ಹಾಗಲ್ಲ. ಪ್ರತಿಯೊಬ್ಬರಲ್ಲೂ ಐದೂ ಇರುತ್ತವೆ, ಹೆಚ್ಚು ಕಡಿಮೆ ಅಷ್ಟೇ. ಜನರನ್ನು ಹದಿನಾರು ಗುಂಪು ಮಾಡಿ ನಾಲ್ಕಕ್ಷರದ ಹಣೆಪಟ್ಟಿ ಹಚ್ಚುವ ಎಂಬಿಟಿಐ ಥರದ ಪರೀಕ್ಷೆಗಳು ಕಾರ್ಪೊರೇಟ್ ವರ್ಕ್‌ಶಾಪ್‌ಗೆ ಚೆನ್ನ. ಥೀಸಿಸ್‌ಗೆ ತರಬೇಡಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಮಾರ್ಕಸ್ ಕ್ರೆಡೆ ಮತ್ತು ಇಬ್ಬರು ಜೊತೆಗಾರರು 2017ರಲ್ಲಿ ಗ್ರಿಟ್ ಮೇಲಿನ 88 ಗುಂಪುಗಳ, 66 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿ ನೋಡಿದರು. ಗ್ರಿಟ್ ಅಂತ ಕರೆದಿದ್ದಕ್ಕೂ ಬಿಗ್ ಫೈವ್‌ನ ಅಚ್ಚುಕಟ್ಟುತನಕ್ಕೂ ಇದ್ದ ಹೊಂದಾಣಿಕೆ 0.84 (ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಹೊಂದಿದರೆ 1). ಹೊಸ ಬಾಟಲಿಯಲ್ಲಿ ಹಳೇ ಔಷಧ ಅಂತ ಟೀಕಿಸುವವರ ಬಲ ಇದೇ. ಎರಡು ಭಾಗಗಳಲ್ಲಿ 'ಕೆಲಸ ಬಿಡದಿರುವುದು' ಅನ್ನುವ ಭಾಗವೇ ಮುಂದಿನ ಸಾಧನೆ ಹೇಳುವುದರಲ್ಲಿ ಮೇಲು ಅಂತಲೂ ಅವರು ಕಂಡರು. ಆದ್ದರಿಂದ ನೀವು ಗ್ರಿಟ್ ಮತ್ತು ವ್ಯಕ್ತಿತ್ವ ಎರಡನ್ನೂ ಅಳೆದು 'ಗ್ರಿಟ್‌ಗೂ ಅಚ್ಚುಕಟ್ಟುತನಕ್ಕೂ ಗಾಢ ಸಂಬಂಧ ಕಂಡುಬಂತು' ಅಂತ ತೀರ್ಮಾನ ಬರೆದರೆ ಎಕ್ಸಾಮಿನರ್ ನಗುತ್ತಾರೆ. ತೂಕ ಕಿಲೋದಲ್ಲೂ ಪೌಂಡಿನಲ್ಲೂ ನೋಡಿ ಎರಡೂ ಹೊಂದುತ್ತವೆ ಅಂದ ಹಾಗೆ. ಕೇಳಬೇಕಾದ ಪ್ರಶ್ನೆ ಬೇರೆ: ಅಚ್ಚುಕಟ್ಟುತನ ಲೆಕ್ಕಕ್ಕೆ ಹಿಡಿದ ಮೇಲೂ ಗ್ರಿಟ್ ಹೆಚ್ಚೇನಾದರೂ ಹೇಳುತ್ತದಾ?

ವೈದ್ಯಕೀಯ ವಿದ್ಯಾರ್ಥಿಗಳ ಬಗ್ಗೆ ನನಗೆ ತುಂಬ ಹಿಡಿಸಿದ ಕೆಲಸ ಬೆಲ್ಜಿಯಂನದು. ಫಿಲಿಪ್ ಲಿವೆನ್ಸ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳು ಸೇರಿದಾಗ ವ್ಯಕ್ತಿತ್ವ ಅಳೆದು, ಓದು ಮುಗಿಯುವವರೆಗೂ ಹಿಂಬಾಲಿಸಿದರು. ಮೊದಲ ವರ್ಷದ ಅಂಕಗಳ ಜೊತೆ ಅಚ್ಚುಕಟ್ಟುತನಕ್ಕಿದ್ದ ನಂಟು 0.18 ಮಾತ್ರ. ಕೊನೆಯ ವರ್ಷಗಳಿಗೆ ಬರುವಾಗ ಅದು 0.45. ಅನಾಟಮಿ ಬಾಯಿಪಾಠಕ್ಕೆ ಸ್ವಭಾವ ಅಷ್ಟು ಬೇಡ. ವಾರ್ಡಿಗೆ ಬಂದ ಮೇಲೆ ಬೇಕು. ನಮಗೂ ಇದು ಅನುಭವದಿಂದ ಗೊತ್ತಿದ್ದದ್ದೇ, ಆದರೆ ಅಂಕಿಯಲ್ಲಿ ನೋಡಿದಾಗ ಬೇರೆ ಥರ ಅನಿಸುತ್ತದೆ. ಮೊದಲ ತಿಂಗಳ ಸ್ಕೋರ್ ನೋಡಿ 'ಇದರಿಂದ ಏನೂ ತಿಳಿಯಲ್ಲ' ಅಂತ ಬಿಟ್ಟುಬಿಡಬೇಡಿ ಅನ್ನುವುದಕ್ಕೂ ಇದೇ ಆಧಾರ.

ಯಾವ ಫಾರಂ?

ಗ್ರಿಟ್‌ಗೆ ಎಂಟು ಪ್ರಶ್ನೆಯದು ಸಾಕು. ವ್ಯಕ್ತಿತ್ವಕ್ಕೆ ಆಯ್ಕೆ ಜಾಸ್ತಿ. 240 ಪ್ರಶ್ನೆಯ ನಿಯೋ ಇದೆ, ಅದರ 60 ಪ್ರಶ್ನೆಯ ಚಿಕ್ಕ ರೂಪ ಇದೆ. ಎರಡಕ್ಕೂ ದುಡ್ಡು ಕೊಟ್ಟು ಅನುಮತಿ ತೆಗೆದುಕೊಳ್ಳಬೇಕು. ಎಲ್ಲಿಂದಲೋ ಇಳಿಸಿದ ಪಿಡಿಎಫ್ ಬಳಸಿ ಆಮೇಲೆ ಪೇಪರ್ ಕಳಿಸುವಾಗ ಸಿಕ್ಕಿಹಾಕಿಕೊಳ್ಳಬೇಡಿ. ಬರ್ನ್‌ಔಟ್ ಅಳೆಯುವ ಮಾಸ್ಲಾಕ್ ಫಾರಂಗೂ ಇದೇ ಮಾತು. 22 ಪ್ರಶ್ನೆ, ಲೈಸೆನ್ಸ್ ಬೇಕು.

ಬಿಟ್ಟಿಯಾಗಿ, ನಿಯಮಬದ್ಧವಾಗಿ ಸಿಗುವುದು ಐಪಿಐಪಿ ಅನ್ನುವ ವ್ಯಕ್ತಿತ್ವದ ಪ್ರಶ್ನೆಗಳ ಭಂಡಾರ. ಲೂಯಿಸ್ ಗೋಲ್ಡ್‌ಬರ್ಗ್ ಶುರು ಮಾಡಿದ್ದು, ಯಾರು ಬೇಕಾದರೂ ಬಳಸಬಹುದು. ಅದರಿಂದ ಆರಿಸಿದ 20 ಪ್ರಶ್ನೆಯ ಮಿನಿ ಐಪಿಐಪಿ ಪಿಜಿಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಐದು ನಿಮಿಷದ ಕೆಲಸ. 10 ಪ್ರಶ್ನೆಯ ಟಿಐಪಿಐ ಕೂಡ ಇದೆ. ಗುಣಕ್ಕೆ ಎರಡೇ ಪ್ರಶ್ನೆ ಆದ್ದರಿಂದ ಬೇರೇನೂ ಆಗದಿದ್ದಾಗ ಮಾತ್ರ ಅದನ್ನು ಹಿಡಿಯಿರಿ.

ಒಟ್ಟು ಪ್ರಶ್ನೆ 60 ದಾಟಿದರೆ ಕೊನೆಯ ಪುಟದಲ್ಲಿ ಎಲ್ಲದಕ್ಕೂ 3, 3, 3 ಅಂತ ಟಿಕ್ ಬೀಳುತ್ತದೆ. ಹಾಳೆ ಕೈಗೆ ಬಂದ ತಕ್ಷಣ ಇದನ್ನು ನೋಡಿ. ಹಂಚುವ ಮುಂಚೆ ಫಾರಂ ನೀವೇ ತುಂಬಿ, ಗಡಿಯಾರ ಇಟ್ಟುಕೊಂಡು. ನಾನು ತುಂಬಿದಾಗ ಗ್ರಿಟ್‌ನ ಆಸಕ್ತಿ ಭಾಗದಲ್ಲಿ ನನಗೆ ಬಂದಿದ್ದು 2.5. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ ನೋಡಿ.

ಭಾಷೆ

ಎಂಬಿಬಿಎಸ್ ಇಂಗ್ಲಿಷಿನಲ್ಲೇ ಓದಿದವರು, ಫಾರಂ ಇಂಗ್ಲಿಷಿನಲ್ಲೇ ಇರಲಿ ಅಂತ ಸಾಮಾನ್ಯವಾಗಿ ಬಿಡುತ್ತೇವೆ. ಅಖಿಲ ಭಾರತ ಕೋಟಾದಲ್ಲಿ ಬಂದವರು ಇರುವುದರಿಂದ ಬೇರೆ ದಾರಿಯೂ ಇಲ್ಲ. ಆದರೆ ಓದುವ ಭಾಷೆ ಬೇರೆ, ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಭಾಷೆ ಬೇರೆ. ನರ್ಸಿಂಗ್ ಅಥವಾ ಪ್ಯಾರಾಮೆಡಿಕಲ್ ವಿದ್ಯಾರ್ಥಿಗಳನ್ನೂ ಸೇರಿಸುವುದಾದರೆ ಕನ್ನಡ ರೂಪ ಬೇಕೇ ಬೇಕು.

ಅದಕ್ಕೆ ಕ್ರಮ ಇದೆ. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರಬೇಕು. ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಮೂಲ ನೋಡದೇ ಇರುವ ಮೂರನೆಯವರು ಅದನ್ನು ವಾಪಸ್ ಇಂಗ್ಲಿಷಿಗೆ ಮಾಡಬೇಕು. ಮೂಲದ ಪಕ್ಕ ಇಟ್ಟು ನೋಡಬೇಕು. ಆಮೇಲೆ ಒಂದು ಎಂಟು ಹತ್ತು ಜನರನ್ನು ಕೂರಿಸಿ 'ಈ ಸಾಲು ಓದಿದಾಗ ನಿಮಗೆ ಏನು ಅನಿಸಿತು?' ಅಂತ ಒಂದೊಂದಕ್ಕೂ ಕೇಳಬೇಕು. ಈ ಕೊನೆಯ ಹೆಜ್ಜೆಯನ್ನು ಜನ ಹಾರಿಸುತ್ತಾರೆ. ಕೆಲಸಕ್ಕೆ ಬರುವುದು ಅದೇ.

ನಾವು ಒಮ್ಮೆ 'ಹಿನ್ನಡೆಯಾದರೆ ನಾನು ಧೈರ್ಯಗೆಡುವುದಿಲ್ಲ' ಅಂತ ಬರೆದಿದ್ದೆವು. ಉತ್ತರದ ಕಡೆ 'ನನಗೆ ಅನ್ವಯಿಸುವುದಿಲ್ಲ' ಅಂತ ಒಂದು ಮನೆ. ಒಬ್ಬ ಹುಡುಗಿ ಪೆನ್ನು ಹಿಡಿದು ಕೂತೇ ಇದ್ದಳು. "ಸರ್, ನಾನು ಧೈರ್ಯ ಕಳ್ಕೊಳ್ಳಲ್ಲ. ಹಂಗಾದ್ರೆ 'ಇಲ್ಲ' ಅಂತ ಹಾಕ್ಬೇಕಾ, 'ಹೌದು' ಅಂತ ಹಾಕ್ಬೇಕಾ?" ಸಾಲಲ್ಲಿ ಒಂದು ಇಲ್ಲ, ಉತ್ತರದಲ್ಲಿ ಇನ್ನೊಂದು ಇಲ್ಲ. 'ಸೋತರೂ ಮತ್ತೆ ಮುಂದಕ್ಕೆ ಹೋಗುತ್ತೇನೆ' ಅಂತ ತಿರುಗಿಸಿದ ಮೇಲೆ ಯಾರೂ ಕೇಳಲಿಲ್ಲ.

ಹಾಳೆ ಯಾರ ಕೈಯಿಂದ ಹೋಗಬೇಕು

ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಅಂತ ನನ್ನ ಅಭಿಪ್ರಾಯ. ನಾವು ತಪ್ಪಿದ್ದೂ ಇಲ್ಲೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ವಿದ್ಯಾರ್ಥಿಗಳನ್ನೂ ಕೈಕೆಳಗಿನ ನೌಕರರನ್ನೂ ಒತ್ತಡಕ್ಕೆ ಸುಲಭವಾಗಿ ಒಳಗಾಗುವ ಗುಂಪು ಅಂತಲೇ ನೋಡುತ್ತದೆ. ಪಿಜಿ ಎರಡೂ ಹೌದು. ಅವರ ಲಾಗ್‌ಬುಕ್‌ಗೆ ಸಹಿ ಹಾಕುವವರು ನೀವು, ಥೀಸಿಸ್ ತಿದ್ದುವವರು ನೀವು, ರಜೆ ಕೊಡುವವರೂ ನೀವೇ. ನೀವು ಹಾಳೆ ಚಾಚಿದರೆ ಒಲ್ಲೆ ಅನ್ನುವ ಧೈರ್ಯ ಯಾರಿಗಿದೆ? ಹಾಗಾಗಿ:

- ಎಥಿಕ್ಸ್ ಕಮಿಟಿ ಒಪ್ಪಿಗೆ ಬರುವ ಮುಂಚೆ ಒಂದು ಹಾಳೆಯೂ ಹಂಚಬೇಡಿ. 'ಸುಮ್ನೆ ಪೈಲಟ್' ಅಂತಲೂ ಬೇಡ.
- ಹಂಚುವವರು, ತೆಗೆದುಕೊಳ್ಳುವವರು ಬೇರೆ ವಿಭಾಗದವರಾಗಲಿ. ಸೈಕಿಯಾಟ್ರಿ ಅಥವಾ ಕಮ್ಯುನಿಟಿ ಮೆಡಿಸಿನ್‌ನವರಾದರೆ ಒಳ್ಳೆಯದು. ಎಚ್‌ಒಡಿ, ಗೈಡ್, ಸೀನಿಯರ್ ಪಿಜಿ ಯಾರೂ ಆ ಕೋಣೆಯಲ್ಲಿ ಇರಬಾರದು.
- ಖಾಲಿ ಹಾಳೆ ವಾಪಸ್ ಕೊಡಲು ದಾರಿ ಇರಲಿ. ಎಲ್ಲರೂ ಮಡಚಿ ಒಂದೇ ಡಬ್ಬಿಗೆ ಹಾಕಿದರೆ ಯಾರು ತುಂಬಿದರು, ಯಾರು ಬಿಟ್ಟರು ಅಂತ ತಿಳಿಯುವುದಿಲ್ಲ.
- ಹೆಸರಿನ ಬದಲು ಕೋಡ್. ಹೆಸರು ಮತ್ತು ಕೋಡ್ ಇರುವ ಪಟ್ಟಿ ಆ ಬೇರೆ ವಿಭಾಗದವರ ಹತ್ತಿರ ಮಾತ್ರ.
- ಗೂಗಲ್ ಫಾರಂ ಆದರೆ ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಆಗಿದೆಯಾ ಅಂತ ನೋಡಿ. 'ಹೆಸರು ಬೇಡ' ಅಂತ ದಪ್ಪಕ್ಷರದಲ್ಲಿ ಬರೆದು ಹಿಂದಿನಿಂದ ಇಮೇಲ್ ಕೂಡಿಸಿದವರನ್ನು ನೋಡಿದ್ದೇನೆ.

ಹೆಸರು ತೆಗೆದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ವಯಸ್ಸು, ಲಿಂಗ, ಯಾವ ವರ್ಷ, ಯಾವ ಜಿಲ್ಲೆ, ಮದುವೆಯಾಗಿದೆಯಾ ಅಂತ ಐದು ಮನೆ ಇಟ್ಟರೆ ಸಾಕು. 'ಎರಡನೇ ವರ್ಷ, ಹೆಣ್ಣು, ಮದುವೆಯಾಗಿದೆ, ಬೀದರ್'. ಇಡೀ ವಿಭಾಗದಲ್ಲಿ ಅಂಥವರು ಒಬ್ಬರೇ. ವಿಶ್ಲೇಷಣೆಗೆ ಬೇಡದ ಯಾವುದನ್ನೂ ಕೇಳಬೇಡಿ.

ಇನ್ನೊಂದು. ಕೆಲವರು ಗ್ರಿಟ್ ಜೊತೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ 9 ಫಾರಂ ಕೂಡ ಸೇರಿಸುತ್ತಾರೆ. ಅದರ ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ತಾನು ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಯಾರೋ 'ಹೆಚ್ಚು ಕಡಿಮೆ ದಿನಾ' ಅಂತ ಟಿಕ್ ಮಾಡಿದರು ಅಂದುಕೊಳ್ಳಿ. ಹಾಳೆಯಲ್ಲಿ ಹೆಸರಿಲ್ಲ, ಕೋಡ್ ಕೂಡ ಇಲ್ಲ. ಏನು ಮಾಡುತ್ತೀರಿ? ಉತ್ತರ ಮೊದಲೇ ಸಿದ್ಧ ಇರಬೇಕು. ಕೋಡ್ ಪಟ್ಟಿ ಸೈಕಿಯಾಟ್ರಿ ಸಹೋದ್ಯೋಗಿಯ ಹತ್ತಿರ ಇರಲಿ. ಅಂಥ ಉತ್ತರ ಬಂದರೆ ಅವರು ಮಾತ್ರ, ಅದೇ ದಿನ, ಸಂಪರ್ಕಿಸುತ್ತಾರೆ ಅಂತ ಒಪ್ಪಿಗೆ ಪತ್ರದಲ್ಲೇ ಬರೆಯಿರಿ. ಹಾಳೆಯ ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಎಲ್ಲರಿಗೂ ಕಾಣುವ ಹಾಗೆ ಇರಲಿ. ಈ ವ್ಯವಸ್ಥೆ ಮಾಡಲಾಗದಿದ್ದರೆ ಆ ಫಾರಂ ಸೇರಿಸಬೇಡಿ.

ಯಾವಾಗ?

ಪೋಸ್ಟ್ ಡ್ಯೂಟಿ ದಿನ, ಅಂದರೆ ರಾತ್ರಿ ಡ್ಯೂಟಿಯ ಮರುದಿನ, ಬೇಡ. ಇಂಟರ್ನಲ್ಸ್ ವಾರ ಬೇಡ. ಥೀಸಿಸ್ ಸಲ್ಲಿಸುವ ತಿಂಗಳು ಬೇಡವೇ ಬೇಡ. ಸೇರಿದ ಎರಡು ಮೂರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅಂತ ಇಟ್ಟುಕೊಂಡರೆ ಒಬ್ಬರ ಸ್ಕೋರನ್ನು ಅವರದೇ ಹಳೆಯ ಸ್ಕೋರಿನ ಜೊತೆ ಹೋಲಿಸಬಹುದು. ಅದರಿಂದ ಸಿಗುವ ಅರ್ಥ ಜಾಸ್ತಿ. ಹಾಳೆಯಲ್ಲಿ ಒಂದು ಸಾಲು ಸೇರಿಸಿ: ಕಳೆದ 24 ಗಂಟೆಯಲ್ಲಿ ಎಷ್ಟು ಹೊತ್ತು ಮಲಗಿದ್ದಿರಿ? ಬೇರೆ ಎಲ್ಲ ಉತ್ತರ ಓದುವಾಗ ಇದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಲೆಕ್ಕ

ಎಂಟು ಪ್ರಶ್ನೆಯಲ್ಲಿ ನಾಲ್ಕು ನೇರ, ನಾಲ್ಕು ತಿರುಗುಮುರುಗು. 2, 4, 7, 8 ನೇರ. 1, 3, 5, 6 ತಿರುಗುಮುರುಗು, ಅಂದರೆ ಹೌದು ಅಂದಷ್ಟೂ ಛಲ ಕಡಿಮೆ. ಇವಕ್ಕೆ ಬಂದ ಉತ್ತರವನ್ನು 6ರಿಂದ ಕಳೆಯಬೇಕು.

ಒಂದು ಹಾಳೆ ತೆಗೆದುಕೊಳ್ಳೋಣ. ನೇರ ಪ್ರಶ್ನೆಗಳಿಗೆ 4, 5, 3, 4. ಒಟ್ಟು 16. ತಿರುಗುಮುರುಗು ಪ್ರಶ್ನೆಗಳಿಗೆ 4, 2, 3, 4. ಆರರಿಂದ ಕಳೆದರೆ 2, 4, 3, 2. ಒಟ್ಟು 11. ಎರಡೂ ಸೇರಿ 27, ಎಂಟರಿಂದ ಭಾಗಿಸಿದರೆ 3.4 ಹತ್ತಿರ. ಇಷ್ಟಕ್ಕೆ ನಿಲ್ಲಿಸಿದರೆ 'ಸಾಧಾರಣ' ಅಂತ ಬರೆದು ಮುಂದಿನ ಹಾಳೆಗೆ ಹೋಗುತ್ತೀರಿ. ಬಿಡಿಸಿ ನೋಡಿ. ಕೆಲಸ ಬಿಡದಿರುವುದರಲ್ಲಿ 4.0. ಆಸಕ್ತಿಯಲ್ಲಿ 2.75. ಅಂದರೆ ಮೈಮುರಿದು ದುಡಿಯುವ ಹುಡುಗ, ಆದರೆ ಈ ಬ್ರಾಂಚ್ ತನ್ನದು ಅಂತ ಇನ್ನೂ ಅನಿಸಿಲ್ಲ. ಎರಡನ್ನೂ ಬೇರೆ ಬೇರೆ ಬರೆಯಿರಿ, ಯಾವಾಗಲೂ.

ತಿರುಗಿಸುವುದು ಮರೆತುಹೋದರೆ ಇದೇ ಹಾಳೆಗೆ 3.6 ಬರುತ್ತದೆ. ನೋಡಿದರೆ ತಪ್ಪು ಅಂತ ಅನಿಸುವುದೇ ಇಲ್ಲ. ಎಕ್ಸೆಲ್‌ನಲ್ಲಿ ತಿರುಗಿಸಿದ ಉತ್ತರಕ್ಕೆ ಬೇರೆ ಕಾಲಂ ಮಾಡಿ, ಮೂಲ ಕಾಲಂ ಮುಟ್ಟಬೇಡಿ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವಾ ಅಂತ ಹೇಳುವ ಅಂಕಿ, ಕ್ರಾನ್‌ಬ್ಯಾಕ್ ಆಲ್ಫಾ, ತೀರಾ ಕೆಳಗೆ, ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಗೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಆಲ್ಫಾ 0.7 ದಾಟಿರಬೇಕು ಅನ್ನುವುದು ರೂಢಿ. ನಾಲ್ಕೇ ಪ್ರಶ್ನೆಯ ಭಾಗಗಳಲ್ಲಿ ಸ್ವಲ್ಪ ಕಡಿಮೆ ಬರುವುದುಂಟು.

ಈಗ ಯಾರ ಸ್ಕೋರ್ ಜಾಸ್ತಿ ಅನ್ನುವ ಆಟ. ಒಬ್ಬರಿಗೆ 3.4, ಇನ್ನೊಬ್ಬರಿಗೆ 3.8. ಎರಡನೆಯವರು ಗಟ್ಟಿ ಅನ್ನಬಹುದಾ? ನಿಮ್ಮ ಗುಂಪಿನ ಸ್ಟ್ಯಾಂಡರ್ಡ್ ಡೀವಿಯೇಷನ್ (ಸ್ಕೋರುಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 0.5, ಆಲ್ಫಾ 0.75 ಅಂದುಕೊಳ್ಳಿ. ಒಂದರಿಂದ ಆಲ್ಫಾ ಕಳೆದರೆ 0.25, ಅದರ ವರ್ಗಮೂಲ 0.5, ಅದನ್ನು 0.5ರಿಂದ ಗುಣಿಸಿದರೆ 0.25. ಇದು ಒಂದು ಸ್ಕೋರಿನಲ್ಲಿರುವ ಅಳತೆಯ ದೋಷ. ಎರಡು ಪಟ್ಟು ಹಿಡಿದರೆ ಆಚೆ ಈಚೆ ಅರ್ಧ ಅಂಕ. ಅಂದರೆ 3.4 ಬಂದವರ ನಿಜವಾದ ಜಾಗ 2.9ರಿಂದ 3.9ರ ಒಳಗೆ ಎಲ್ಲಿ ಬೇಕಾದರೂ ಇರಬಹುದು. ಬಿಪಿ ಮೆಷಿನ್ ಇಷ್ಟು ಅಲುಗಾಡಿದರೆ ನಾವು ಬಿಸಾಕುತ್ತೇವೆ. ಗುಂಪಿನ ಸರಾಸರಿ ನೋಡಲು ಇದು ಆಗುತ್ತದೆ. ಒಬ್ಬೊಬ್ಬರಿಗೆ ರ‍್ಯಾಂಕ್ ಕೊಡಲು ಆಗುವುದಿಲ್ಲ.

ಎಷ್ಟು ಜನ ಬೇಕು ಅನ್ನುವುದಕ್ಕೆ: 0.3ರಷ್ಟು ಸಂಬಂಧ ಹುಡುಕಬೇಕಾದರೆ 80 ಶೇಕಡಾ ಪವರ್‌ಗೆ (ಸಂಬಂಧ ನಿಜಕ್ಕೂ ಇದ್ದರೆ ನೂರಕ್ಕೆ ಎಂಬತ್ತು ಸಲ ಕಣ್ಣಿಗೆ ಬೀಳುವುದಕ್ಕೆ) ಸುಮಾರು 85 ಜನ. 0.2 ಅಂದರೆ ಸುಮಾರು 195. ಒಂದು ವಿಭಾಗದ ಹದಿನಾಲ್ಕು ಜನರಲ್ಲಿ ಪಿ ವ್ಯಾಲ್ಯೂ (ಕಂಡದ್ದು ಬರೀ ಆಕಸ್ಮಿಕವಾ ಅಂತ ನೋಡುವ ಅಂಕಿ) ಹುಡುಕುವುದು ವ್ಯರ್ಥ. ಎರಡು ಮೂರು ಕಾಲೇಜು ಸೇರಿ ಮಾಡಿ, ಅಥವಾ ಎಲ್ಲ ಬ್ರಾಂಚ್‌ನವರನ್ನೂ ಸೇರಿಸಿ. ಆದರೆ ಆಗ ಇನ್ನೊಂದು ಎಚ್ಚರ ಬೇಕು. ಜನ ತಮ್ಮನ್ನು ಅಳೆದುಕೊಳ್ಳುವುದು ಸುತ್ತಮುತ್ತಲಿನವರ ಪಕ್ಕ ನಿಂತು. ಅಮೆರಿಕದ ಬಾಸ್ಟನ್‌ನ ಶಾಲೆಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು. ಕಟ್ಟುನಿಟ್ಟಿನ ಚಾರ್ಟರ್ ಶಾಲೆಗಳಿಗೆ (ಸರ್ಕಾರದ ದುಡ್ಡಿನಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆಗಳಿಗೆ) ಲಾಟರಿಯಲ್ಲಿ ಸೀಟ್ ಸಿಕ್ಕ ಮಕ್ಕಳ ಅಂಕ, ಹಾಜರಿ ಎರಡೂ ಏರಿದವು. ಆದರೆ ಛಲ, ಅಚ್ಚುಕಟ್ಟುತನದಲ್ಲಿ ಅವರು ತಮಗೆ ತಾವು ಕೊಟ್ಟುಕೊಂಡ ಅಂಕ ಸೀಟ್ ಸಿಗದವರಿಗಿಂತ ಕಡಿಮೆ. ಸುತ್ತ ಎಲ್ಲರೂ ದುಡಿಯುವವರಾದರೆ ನಾನು ಸೋಮಾರಿ ಅನಿಸುತ್ತದೆ. ಹೆರಿಗೆ ವಾರ್ಡಿನ ಪಿಜಿಯ 3.2ಕ್ಕೂ ಆರಾಮಾಗಿರುವ ಬ್ರಾಂಚಿನವರ 3.9ಕ್ಕೂ ಇದೇ ಕಥೆ ಇರಬಹುದು.

ಫಾರಂನಲ್ಲಿ ಕಾಣದ್ದು ವಾರ್ಡಿನಲ್ಲಿ ಕಾಣುತ್ತದೆ

ಹಾಳೆಯ ಜೊತೆ ಕಣ್ಣೂ ಬೇಕು. 'ಶ್ರಮಜೀವಿ, ಸ್ನೇಹಜೀವಿ' ಅಂತ ಐದರಲ್ಲಿ ಅಂಕ ಕೊಡುವುದಲ್ಲ. ಹಾಗೆ ಕೊಟ್ಟರೆ ಒಂದು ಗುಣ ಇಷ್ಟವಾದವರಿಗೆ ಎಲ್ಲದರಲ್ಲೂ ಒಳ್ಳೆಯ ಅಂಕ ಬೀಳುತ್ತದೆ. ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದಕ್ಕೆ ಹೇಲೋ, ಅಂದರೆ ಪ್ರಭಾವಳಿ, ಅಂತ ಹೆಸರಿಟ್ಟರು. ಚೆನ್ನಾಗಿ ಇಂಗ್ಲಿಷ್ ಮಾತಾಡುವ ಪಿಜಿಗೆ ನಾವು ಕೊಡುವ ಅಂಕಗಳನ್ನು ಒಮ್ಮೆ ನೆನಪಿಸಿಕೊಳ್ಳಿ.

ಬದಲಿಗೆ ಹೌದು, ಇಲ್ಲ ಅಂತ ಹೇಳಬಹುದಾದ ಕೆಲಸಗಳನ್ನು ಕೇಳಿ. ರಾತ್ರಿ ಕಳಿಸಿದ ಸ್ಯಾಂಪಲ್‌ನ ರಿಪೋರ್ಟನ್ನು ಯಾರೂ ಕೇಳುವ ಮುಂಚೆ ನೋಡಿದ್ದರಾ? ಡೆಂಗ್ಯೂ ಸೀಸನ್‌ನಲ್ಲಿ ಪ್ಲೇಟ್‌ಲೆಟ್ ಚಾರ್ಟ್ ನಾಲ್ಕನೇ ದಿನಕ್ಕೂ ಮೊದಲ ದಿನದ ಹಾಗೇ ತುಂಬಿತ್ತಾ? ಡ್ರಿಪ್ ಹಾಕಲು ರಕ್ತನಾಳ ಸಿಗದಿದ್ದಾಗ ಎಷ್ಟನೇ ಸಲಕ್ಕೆ ಸೀನಿಯರ್‌ನ ಕರೆದರು? ಈ ಕೊನೆಯದನ್ನು ಗಮನಿಸಿ. ಆರು ಸಲ ಚುಚ್ಚುವುದು ಛಲವಲ್ಲ, ರೋಗಿಗೆ ಹಿಂಸೆ. ಎರಡು ಸಲ ನೋಡಿ "ಸರ್, ಬನ್ನಿ" ಅನ್ನುವವರೇ ನಮಗೆ ಬೇಕು. ಗ್ರಿಟ್ ಫಾರಂನಲ್ಲಿ ಇದಕ್ಕೆ ಜಾಗವೇ ಇಲ್ಲ.

ಕೇಳುವುದು ಯಾರನ್ನು? ಯುನಿಟ್ ಚೀಫ್ ಒಬ್ಬರನ್ನೇ ಅಲ್ಲ. ವಾರ್ಡ್ ಸಿಸ್ಟರ್, ಹೌಸ್ ಸರ್ಜನ್‌ಗಳು, ಸಾಧ್ಯವಾದರೆ ಲ್ಯಾಬ್‌ನವರು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿದಾಗ ಯಾರ ದನಿ ಹೇಗಿರುತ್ತದೆ ಅಂತ ಸಿಸ್ಟರ್‌ಗೆ ಗೊತ್ತು, ನಮಗೆ ಗೊತ್ತಿಲ್ಲ.

ಡ್ಯೂಟಿಯನ್ನೂ ಅಳೆಯಿರಿ

ಯಾರ ಛಲ ಎಷ್ಟು ಅಂತ ಅಳೆಯುವ ವಿಭಾಗ ತನ್ನ ಡ್ಯೂಟಿ ಪಟ್ಟಿಯನ್ನು ಅಳೆಯದಿದ್ದರೆ ಅರ್ಧ ಕೆಲಸ ಮಾಡಿದ ಹಾಗೆ. 1992ರ ಕೇಂದ್ರ ರೆಸಿಡೆನ್ಸಿ ನಿಯಮ ವಾರಕ್ಕೆ 48 ಗಂಟೆ, ಒಂದು ಸಲಕ್ಕೆ 12 ಗಂಟೆ ಮೀರಬಾರದು ಅನ್ನುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಕಾರ್ಯಪಡೆ 2024ರ ವರದಿಯಲ್ಲಿ ವಾರಕ್ಕೆ 74 ಗಂಟೆಯ ಮಿತಿ, ವಾರಕ್ಕೊಂದು ರಜೆ ಅಂತ ಶಿಫಾರಸು ಮಾಡಿತು. ನಿಮ್ಮ ಪಿಜಿಗಳದ್ದು ಎಷ್ಟು? ರಿಜಿಸ್ಟರ್‌ನಲ್ಲಿರುವುದಲ್ಲ, ನಿಜವಾದದ್ದು. ಎರಡು ವಾರ ಒಂದು ಹಾಳೆಯಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಸಿ. ಸೀನಿಯರ್‌ಗಳ ಕೈಗೆ ಸಿಗದ ಹಾಗೆ.

ಸ್ಕೋರ್ ಬಿದ್ದವರ ಡ್ಯೂಟಿ ಗಂಟೆ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟೋ ಸಲ ವ್ಯಕ್ತಿತ್ವದ ಮಾತು ಅಲ್ಲಿಗೇ ನಿಲ್ಲುತ್ತದೆ. ಎಲ್ಲರೂ ಎರಡನೇ ವರ್ಷಕ್ಕೆ ಬಂದಾಗ ಒಟ್ಟಿಗೆ ಕೆಳಗಿಳಿದರೆ ಅದು ಯಾರೊಬ್ಬರ ಸ್ವಭಾವ ಅಲ್ಲ, ಪಟ್ಟಿಯ ದೋಷ.

ಕೊನೆಗೆ, ಹೇಳುವುದು ಹೇಗೆ

ಥೀಸಿಸ್‌ಗೆ ತೆಗೆದುಕೊಂಡಿದ್ದರೆ ಒಬ್ಬೊಬ್ಬರಿಗೆ ಹೇಳುವ ಹಾಗಿಲ್ಲ, ಗುಂಪಿನ ಫಲಿತಾಂಶ ಮಾತ್ರ. ಮೆಂಟರಿಂಗ್‌ಗೆ ಅಂತ ಅವರೇ ಒಪ್ಪಿ ತುಂಬಿದ್ದರೆ ಹಾಳೆ ಅವರದ್ದು. ಮೊದಲು ಅವರ ಕೈಗೇ ಕೊಡಿ. ನಿಮಗೆ ತೋರಿಸುವುದು ಬಿಡುವುದು ಅವರಿಷ್ಟ. ತೋರಿಸಿದರೆ ಅಂಕಿಯಿಂದ ಮಾತು ಶುರು ಮಾಡಬೇಡಿ.

ಈಚೆಗೆ ಒಬ್ಬ ಪಿಜಿ ತಾನಾಗಿಯೇ ಹಾಳೆ ಹಿಡಿದು ಬಂದ. ಸಂಜೆ ಒಪಿಡಿ ಮುಗಿದಿತ್ತು. ಕ್ಯಾಂಟೀನ್‌ಗೆ ಕರೆದುಕೊಂಡು ಹೋದೆ, ಚೇಂಬರ್ ಬೇಡ ಅಂತ.

"ಸರ್, ಕಳವಳದಲ್ಲಿ ನಂದು ಜಾಸ್ತಿ ಬಂದಿದೆ. ಏನಾದ್ರೂ ಪ್ರಾಬ್ಲಮ್ಮಾ?"

"ನಿಂಗೆ ಏನನ್ಸುತ್ತೆ?"

ಸ್ವಲ್ಪ ಹೊತ್ತು ಕಪ್ ತಿರುಗಿಸುತ್ತಾ ಕೂತ. "ಡ್ಯೂಟಿ ಮುಗಿಸಿ ರೂಮಿಗೆ ಹೋದ್ಮೇಲೂ ಡೋಸ್ ಸರಿ ಬರ್ದಿದ್ನಾ ಅಂತ ವಾಪಸ್ ವಾರ್ಡಿಗೆ ಫೋನ್ ಮಾಡ್ತೀನಿ ಸರ್. ಸಿಸ್ಟರ್ ಬೈತಾರೆ."

"ಎಷ್ಟು ಸಲ ತಪ್ಪಾಗಿತ್ತು?"

"ಒಂದ್ಸಲ. ಪೊಟ್ಯಾಶಿಯಂ."

ಆ ಒಂದು ಸಲದಿಂದ ರೋಗಿಯ ಜೀವಕ್ಕೇ ಏನಾಗಬಹುದಿತ್ತು ಅಂತ ಇಬ್ಬರಿಗೂ ಗೊತ್ತಿತ್ತು. ಅವನಿಗೆ ಕಳವಳ ಕಡಿಮೆ ಮಾಡಿಕೋ ಅಂತ ಹೇಳಲಿಲ್ಲ. ಡ್ಯೂಟಿ ಬಿಡುವ ಮುಂಚೆ ಹ್ಯಾಂಡ್‌ಓವರ್ ಹಾಳೆಯಲ್ಲಿ ಅಪಾಯದ ಔಷಧಗಳನ್ನು ಸಿಸ್ಟರ್ ಜೊತೆ ನಿಂತು ಗಟ್ಟಿಯಾಗಿ ಓದಿ, ಇಬ್ಬರೂ ಸಹಿ ಹಾಕುವ ಪದ್ಧತಿ ಶುರು ಮಾಡೋಣ ಅಂದೆ. ಎರಡು ತಿಂಗಳಾಯಿತು, ಯುನಿಟ್ಟಿನ ಎಲ್ಲರೂ ಮಾಡುತ್ತಿದ್ದಾರೆ. ಅವನು ಈಗಲೂ ಫೋನ್ ಮಾಡುತ್ತಾನಂತೆ, ಆದರೆ ವಾರಕ್ಕೊಂದು ಸಲ.